ದಮ್ಮಾಮಿನಲ್ಲಿ ಮಂಜೂರಾದ ಗೋರಿಗಳು

ನಮ್ಮ ಪಕ್ಕದ ಮನೆಯ ಹುಡುಗಿ ಡಿಪ್ಲೊಮಾ ಮುಗಿಸಿ ಮಂಗಳೂರಿನ ಒಂದು ಕಟ್ಟಡದ ಕಂಪೆನಿಯಲ್ಲಿ ನಕ್ಷೆ ಬರೆಯುವ ಕೆಲಸಕ್ಕೆ ಸೇರಿದ್ದಾಳೆ. ಮೊನ್ನೆ ಬಂದು, "ಅಂಕಲ್, ನೀವು ಸೌದಿಯಲ್ಲಿ ಇದೇ ಕೆಲಸ ಮಾಡಿದ್ದಲ್ವಾ, ಎಂತಾದ್ರೂ ಸಲಹೆ ಕೊಡಿ" ಎಂದಳು. ಗೆರೆ ನೆಟ್ಟಗೆ ಎಳೆ ಎನ್ನೋಣವೆಂದರೆ ಈಗ ಕಂಪ್ಯೂಟರೇ ನೆಟ್ಟಗೆ ಎಳೆಯುತ್ತದೆ. ಸೊಟ್ಟ ಎಳೆಯಲಿಕ್ಕೆ ಮಾತ್ರ ಮನುಷ್ಯ ಬೇಕು. ಸಲಹೆ ಬೇಡ, ನಡೆದದ್ದನ್ನು ಬರೆದು ಕೊಡುತ್ತೇನೆ ಎಂದೆ. ಬಡ್ತಿಯ ವಿಷಯ ಇದರಲ್ಲಿ ಇರುವುದಿಲ್ಲ. ಸೇರುವಾಗ ಡ್ರಾಫ್ಟ್ಸ್‌ಮನ್ ಆಗಿದ್ದೆ, ಬಿಡುವಾಗ ಸೀನಿಯರ್ ಡ್ರಾಫ್ಟ್ಸ್‌ಮನ್ ಆಗಿದ್ದೆ. ಆ ಒಂದು ಪದ ಸಿಕ್ಕಿದ ಕಥೆ ನೆನೆದರೆ ನನಗೇ ಆಕಳಿಕೆ ಬರುತ್ತದೆ.

ತೊಂಬತ್ತರ ದಶಕದಲ್ಲಿ ನಾನು ಇದ್ದದ್ದು ದಮ್ಮಾಮಿನ ಒಂದು ಕಂಟ್ರಾಕ್ಟ್ ಕಂಪೆನಿಯಲ್ಲಿ. ಎಣ್ಣೆ ಬಾವಿಗಳಿಗೆ ಸಾಮಾನು ಒದಗಿಸುವವರಿಗೆ ಗೋದಾಮು, ವರ್ಕ್‌ಶಾಪು, ಅವರ ಕೆಲಸದವರು ಮಲಗುವ ಕ್ಯಾಂಪು, ಇವನ್ನೆಲ್ಲ ಕಟ್ಟಿಕೊಡುವುದು ನಮ್ಮ ಉದ್ಯೋಗ. ನಾನು ಸೇರಿದಾಗ ಎಲ್ಲವೂ ಕೈಯಲ್ಲೇ. ಟ್ರೇಸಿಂಗ್ ಕಾಗದದ ಮೇಲೆ ಶಾಯಿಯ ಗೆರೆ ತಪ್ಪಿದರೆ ಅರ್ಧ ಬ್ಲೇಡಿನಿಂದ ಕೆರೆಯಬೇಕು. ಮತ್ತೆ ಮತ್ತೆ ಕೆರೆದರೆ ಕಾಗದ ತೂತಾಗುತ್ತದೆ, ಆ ತೂತಿಗೆ ಹಿಂದಿನಿಂದ ತೇಪೆ ಹಾಕಬೇಕು. ನಮ್ಮ ಕಂಪೆನಿ ಕಟ್ಟಿದ ಎಷ್ಟೋ ಗೋಡೆಗಳು ಮೊದಲು ತೇಪೆಯ ಮೇಲೆ ನಿಂತವು. ಪ್ರಿಂಟ್ ತೆಗೆಯುವ ಕೋಣೆಯಲ್ಲಿ ಅಮೋನಿಯಾದ ಘಾಟು ಕಣ್ಣಲ್ಲಿ ನೀರು ತರಿಸುತ್ತಿತ್ತು. ಊರಿನ ನೆನಪು ತಡೆಯಲಾಗದವರು ಪ್ರಿಂಟಿನ ನೆವ ಹೇಳಿ ಆ ಕೋಣೆಗೆ ಹೋಗಿ ಬರುತ್ತಿದ್ದರು. ಯಾರೂ ಏನೂ ಕೇಳುತ್ತಿರಲಿಲ್ಲ.

ನಮ್ಮ ಮುಖ್ಯಸ್ಥರು ಶೆಣೈ ಸರ್, ಮಂಗಳೂರಿನ ಕೊಂಕಣಿಗರು. ಅವರಿಗೆ ನಕ್ಷೆಗಿಂತ ನಕ್ಷೆಯ ಬಲಗಡೆ ಮೂಲೆಯಲ್ಲಿರುವ ಚೌಕ ಮುಖ್ಯ. ಟೈಟಲ್ ಬ್ಲಾಕ್ ಎನ್ನುವ ಆ ಚೌಕದಲ್ಲಿ ಕಂಪೆನಿಯ ಹೆಸರು, ಯೋಜನೆಯ ಹೆಸರು, ಶೀಟಿನ ನಂಬರು ಇರಬೇಕು. ನಂಬರಿಲ್ಲದ ಶೀಟು ಅವರ ಕಣ್ಣಿಗೆ ಅಪ್ಪ ಅಮ್ಮ ಇಲ್ಲದ ಮಗು. ತಾಯಿಫಿನ ಒಂದು ವಸತಿಗೃಹದ ನಕ್ಷೆಯಲ್ಲಿ ನಮ್ಮಲ್ಲೊಬ್ಬ ಬಚ್ಚಲು ಕೋಣೆಗೆ ಬಾಗಿಲು ಇಡಲು ಮರೆತಿದ್ದ. ಶೆಣೈಯವರು ನಂಬರು, ತಾರೀಕು, ಸಹಿ ಎಲ್ಲ ಪರೀಕ್ಷಿಸಿ ಪಾಸು ಮಾಡಿದರು. ಅಲ್ಲಿಯ ಮೇಸ್ತ್ರಿ ನಂಬಿಗಸ್ತ ಮನುಷ್ಯ, ನಕ್ಷೆಯಲ್ಲಿ ಇದ್ದ ಹಾಗೆಯೇ ನಾಲ್ಕೂ ಗೋಡೆ ಏರಿಸಿ, ಆಮೇಲೆ ಒಳಗೆ ಹೋಗುವುದು ಹೇಗೆ ಎಂದು ಫೋನ್ ಮಾಡಿದ. ಶೆಣೈಯವರು ಕೇಳಿದ ಮೊದಲ ಪ್ರಶ್ನೆ, "ಶೀಟ್ ನಂಬರ್ ಎಷ್ಟು?"

ಆಮೇಲೆ ಕಂಪ್ಯೂಟರು ಬಂತು. ಡ್ರಾಯಿಂಗ್ ಬೋರ್ಡುಗಳು ಗೋಡೆಗೆ ಒರಗಿದವು, ಬ್ಲೇಡುಗಳು ಗಡ್ಡ ಹೆರೆಯುವ ತಮ್ಮ ಹಳೆ ಕಸುಬಿಗೆ ಮರಳಿದವು. ನಕ್ಷೆ ಹೊರಗೆ ಬರುವುದು ಪ್ಲಾಟರ್ ಎನ್ನುವ ಉದ್ದದ ಯಂತ್ರದಿಂದ. ಅದನ್ನು ಗಾಜಿನ ಕೋಣೆಯಲ್ಲಿ ಇಟ್ಟು ರಾತ್ರಿ ಹಾಕುವ ಬೀಗದ ಕೈ ಶೆಣೈಯವರು ಇಟ್ಟುಕೊಂಡರು. ಯಾರು ಯಾವ ಶೀಟು ಕಳಿಸುತ್ತಾರೆಂದು ಕಣ್ಣಿಗೆ ಕಾಣದಿರುವುದು ಅವರಿಗೆ ದೊಡ್ಡ ಸಂಕಟ. ಅದಕ್ಕೇ ನಿಯಮ ಮಾಡಿದರು: ಟೈಟಲ್ ಬ್ಲಾಕ್ ಮತ್ತು ನಂಬರು ಇಲ್ಲದ ಒಂದು ಚೂರು ಕಾಗದವೂ ಆ ಯಂತ್ರದಿಂದ ಹೊರಬರಕೂಡದು. ಈ ನಿಯಮವೇ ಮುಂದೆ ನಮ್ಮ ಕುತ್ತಿಗೆಗೆ ಬಂತು.

ನನ್ನ ಪಕ್ಕದ ಮೇಜಿನಲ್ಲಿ ಕೂರುತ್ತಿದ್ದವನು ಪ್ರಭುದಾಸ. ಬೀದರ್ ಕಡೆಯವನು, ಮೆಥಡಿಸ್ಟ್ ಪಂಗಡದ ಕ್ರೈಸ್ತ. ನಾನು ಪುತ್ತೂರಿನ ಮರಗೆಲಸದ ಆಚಾರಿ ಮನೆಯವನು. ಇಬ್ಬರದ್ದೂ ಕನ್ನಡವೇ, ಆದರೂ ಮೊದಲ ಕೆಲವು ತಿಂಗಳು ಹಿಂದಿಯಲ್ಲೇ ಮಾತಾಡಿದೆವು. ನನ್ನ "ಎಂತ ಮಾರಾಯ" ಅವನಿಗೆ ಬೈಗುಳದಂತೆ ಕೇಳುತ್ತಿತ್ತಂತೆ. ಅವನ "ಹ್ಯಾಂಗ್ರಿ, ಯಾಕ್ರಿ" ನನಗೆ ಜಗಳದಂತೆ ಕೇಳುತ್ತಿತ್ತು. ಬಹಳ ಮೆದು ಮನುಷ್ಯ. ಯಾರು ಏನು ಹೇಳಿದರೂ "ಹಾಂ ಸರ್" ಎನ್ನುವವನು. ಕಿವಿಗೆ ಸದಾ ವಾಕ್‌ಮನ್ ಹಾಕಿಕೊಂಡೇ ನಕ್ಷೆ ಬರೆಯುತ್ತಿದ್ದ. ಹಾಡು ಕೇಳುತ್ತಾನೆ ಎಂದುಕೊಂಡಿದ್ದೆ. ಒಂದು ದಿನ ಕುತೂಹಲಕ್ಕೆ ಕಿವಿಗಿಟ್ಟು ನೋಡಿದರೆ ಒಬ್ಬ ಮುದುಕರು ಕೆಮ್ಮುತ್ತಾ ಗೋರಿಗಳನ್ನು ಅಳೆಯುತ್ತಿದ್ದರು.

ಆ ಮುದುಕರು ಅವನ ಅಪ್ಪ ಯೇಸಪ್ಪ. ಆಗ ಊರಿಂದ ಪತ್ರದ ಬದಲು ಕ್ಯಾಸೆಟ್ ಕಳಿಸುವ ವಾಡಿಕೆ ಇತ್ತಲ್ಲ, ರಜೆ ಮುಗಿಸಿ ಬರುವವರ ಕೈಯಲ್ಲಿ ಉಪ್ಪಿನಕಾಯಿಯ ಜತೆ ಮನೆಯವರ ಸ್ವರವೂ ಬರುತ್ತಿತ್ತು. ಯೇಸಪ್ಪನವರು ಟೇಪ್ ರೆಕಾರ್ಡರನ್ನು ಹೆಗಲಿಗೆ ಹಾಕಿಕೊಂಡು ತಮ್ಮ ಮನೆತನದ ಸಮಾಧಿ ತೋಟದಲ್ಲಿ ನಡೆದಿದ್ದರು. "ಇದು ನಮ್ಮ ಮುತ್ತ್ಯಾ ನರಸಪ್ಪ. ನನ್ನ ಕೋಲಿಲೆ ಎರಡು ಕೋಲು ಉದ್ದ ಅದ. ಇದರ ಬಾಜೂಕ ಮುತ್ತಮ್ಮ ನಾಗಮ್ಮ. ಹುಷ್, ಹೋಗು ಕೋಳಿ." ಹೀಗೆ.

"ಇದೆಂತದು ಮಾರಾಯ, ಸತ್ತವರ ಸರ್ವೆಯಾ?" ಎಂದೆ.

"ಹಾಂ ರೀ ಆಚಾರ್ಯ ಸಾಹೇಬ್ರ. ನಮ್ಮಪ್ಪಗ ಜಾಗ ಬೇಕಾಗ್ಯಾದ" ಎಂದ.

ಅವನು ಹೇಳಿದ ಕಥೆ ಇಷ್ಟು. ನಿಜಾಮನ ಕಾಲದಲ್ಲಿ ಅವನ ಮುತ್ತಜ್ಜ ನರಸಪ್ಪ ಆ ಊರಿನಲ್ಲಿ ಮೊದಲು ಕ್ರೈಸ್ತನಾದವನು. ಊರವರು ಬಾವಿಯನ್ನು ಮೊದಲೇ ಮುಟ್ಟಗೊಡುತ್ತಿರಲಿಲ್ಲ. ಕಾಲರಾದಲ್ಲಿ ಹೆಂಡತಿ ನಾಗಮ್ಮ ತೀರಿಹೋದಾಗ ಹೂಳಲಿಕ್ಕೆ ಊರ ಮಣ್ಣನ್ನೂ ಕೊಡಲಿಲ್ಲ. ನರಸಪ್ಪ ತನಗಿದ್ದ ಒಂದು ತುಂಡು ಹೊಲದಲ್ಲೇ, ಬೇವಿನ ಮರದ ಬುಡದಲ್ಲಿ ಅವಳನ್ನು ಮಣ್ಣು ಮಾಡಿದ. ಅದೇ ಕಾಲರಾದಲ್ಲಿ ಹೋದ ಮಕ್ಕಳನ್ನು ಅವಳ ಕಾಲ ಬಳಿ ಮಲಗಿಸಿದ. ಆಮೇಲೆ ಪಾದ್ರಿಗಳು ಬಂದು ಪ್ರಾರ್ಥನೆಗೆ ಜಾಗ ಎಲ್ಲಿ ಎಂದಾಗ ಆ ಗೋರಿಗಳ ಪಕ್ಕವನ್ನೇ ತೋರಿಸಿದ. ಅಲ್ಲಿ ಒಂದು ಪುಟ್ಟ ಮೆಥಡಿಸ್ಟ್ ದೇವಾಲಯ ಎದ್ದಿತು. "ಎಲ್ಲಾರ ಊರಾಗ ಮೊದಲು ಗುಡಿ, ಆಮ್ಯಾಲ ಸ್ಮಶಾನ. ನಮ್ಮದು ಉಲ್ಟಾ ರೀ. ನಮಗ ಊರಾಗ ಮೊದಲು ಜಾಗ ಸಿಕ್ಕಿದ್ದು ಸತ್ತವ್ರಿಗಿ" ಎಂದು ಪ್ರಭುದಾಸ ನಕ್ಕ. ನನಗೆ ನಗು ಬರಲಿಲ್ಲ.

ಈಗ ಆ ದೇವಾಲಯಕ್ಕೊಂದು ಸಭಾ ಕಮಿಟಿ, ಕಮಿಟಿಗೆ ಯೇಸಪ್ಪನವರ ಅಣ್ಣನ ಮಗ ಸ್ಟೀವನ್ ಅಧ್ಯಕ್ಷ. ಸಮಾಧಿ ತೋಟ ತುಂಬಿದೆ, ಉಳಿದ ಚೂರಿನಲ್ಲಿ ಸಮುದಾಯ ಭವನ ಕಟ್ಟೋಣ, ಇನ್ನು ಮುಂದೆ ಸಾಯುವವರು ಊರಾಚೆಯ ಹೊಸ ಸ್ಮಶಾನಕ್ಕೆ ಹೋಗಲಿ ಎಂದು ಅವನ ವಾದ. ಯೇಸಪ್ಪನವರಿಗೆ ಹೆಂಡತಿಯ ಪಕ್ಕದಲ್ಲಿ ಮಲಗುವ ಆಸೆ. ಅವರಿಗೆ ಎದೆಯ ಕಾಯಿಲೆ ಬೇರೆ, ಹೆಚ್ಚು ದಿನ ಕಾಯುವ ಹಾಗಿರಲಿಲ್ಲ. ಜಾಗ ಇದೆ ಎಂದು ಇವರು, ಇಲ್ಲ ಎಂದು ಅವನು. ಕಡೆಗೆ ಸ್ಟೀವನ್, "ಕಾಕಾ, ಬಾಯಿ ಮಾತು ಬ್ಯಾಡ. ಇಂಜಿನಿಯರ್ ಸಹಿ ಮಾಡಿದ ನಕಾಶಿ ತಗೊಂಬಾ" ಎಂದನಂತೆ. ನಕಾಶಿ ಎಂದರೆ ಮುದುಕ ತಣ್ಣಗಾಗುತ್ತಾನೆ ಎಂದುಕೊಂಡಿರಬೇಕು. ಮುದುಕರು ಟೇಪ್ ರೆಕಾರ್ಡರ್ ಹೊತ್ತು ಹೊರಟರು.

ಅಳತೆಯದ್ದೇ ಒಂದು ಪುರಾಣ. ಎಲ್ಲವೂ ಅವರ ಊರುಗೋಲಿನ ಲೆಕ್ಕ, ಕೋಲಿನ ಉದ್ದ ಎಷ್ಟೆಂದು ಮಾತ್ರ ಹೇಳಿಲ್ಲ. ಶುಕ್ರವಾರ ಫೋನ್ ಬೂತಿನ ಸಾಲಿನಲ್ಲಿ ನಿಂತು ಕೇಳಿದರೆ, "ನನ್ನ ಸೊಂಟದ ತನಕ ಬರ್ತದಪ್ಪ" ಎಂದರು. ಅಷ್ಟಕ್ಕೆ ಲೈನು ಕಡಿದುಹೋಯಿತು. ಕಡೆಗೆ ಪ್ರಭುದಾಸನಿಗೆ ನೆನಪಾಯಿತು: ಅವ್ವನ ಗೋರಿಯ ಕಲ್ಲನ್ನು ತಾನೇ ಅಳೆದು ಹಾಕಿಸಿದ್ದ. ಅದು ಅಪ್ಪನ ಲೆಕ್ಕದಲ್ಲಿ ಎಷ್ಟು ಕೋಲು ಎಂದು ಟೇಪಿನಲ್ಲಿತ್ತು. ಅವ್ವನಿಂದ ಅಪ್ಪನ ಕೋಲಿನ ಉದ್ದ ತೆಗೆದ, ಕೋಲಿನಿಂದ ಇಡೀ ಮನೆತನವನ್ನು ಅಳೆದ. ಎಲ್ಲ ಗೋರಿಗಳೂ ಸುಮಾರು ಆರಡಿ ಮೂರಡಿ. ನಾಗಮ್ಮನ ಕಾಲ ಬಳಿಯ ಮಕ್ಕಳದ್ದು ಮತ್ತು ಕಣ್ಣು ಬಿಡುವ ಮೊದಲೇ ಹೋದ ಪ್ರಭುದಾಸನ ತಮ್ಮನದ್ದು ಮಾತ್ರ ಗಿಡ್ಡ.

ಇನ್ನು ಬರೆಯುವುದು. ದೇವಾಲಯ, ಶಿಲುಬೆ, ಸಮಾಧಿ ಎಂದೆಲ್ಲ ಬರೆದ ನಕ್ಷೆ ದಮ್ಮಾಮಿನ ಆಫೀಸಿನಲ್ಲಿ ಯಾರ ಕಣ್ಣಿಗಾದರೂ ಬಿದ್ದರೆ ಏನಾದೀತೆಂದು ಯಾರೂ ನಮಗೆ ಹೇಳಿರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಕೆಲಸ ಹೋಗಿ, ಇಕಾಮಾ ಎನ್ನುವ ವಾಸದ ಪರವಾನಗಿ ರದ್ದಾಗಿ, ಪಾಸ್‌ಪೋರ್ಟಿನಲ್ಲಿ ಎಕ್ಸಿಟ್ ಬಿದ್ದು, ಮುಂದಿನ ವಿಮಾನದಲ್ಲಿ ಊರು. ಅಪ್ಪನ ಔಷಧಿ ನಡೆಯುತ್ತಿದ್ದದ್ದೇ ಇವನ ಸಂಬಳದಲ್ಲಿ. ಹಾಗಾಗಿ ಪ್ರಭುದಾಸ ಮೈಯೆಲ್ಲ ಕಣ್ಣಾಗಿ ಬರೆದ. ದೇವಾಲಯದ ಮೇಲೆ "ಹಾಲ್" ಎಂದಷ್ಟೇ ಹಾಕಿದ. ದೊಡ್ಡವರ ಗೋರಿ "ಟೈಪ್ ಎ", ಮಕ್ಕಳದ್ದು "ಟೈಪ್ ಬಿ". ಈಗಾಗಲೇ ಇದ್ದವರಿಗೆ "ಎಕ್ಸಿಸ್ಟಿಂಗ್". ಅವ್ವನ ಪಕ್ಕದಲ್ಲಿ ಚುಕ್ಕೆ ಗೆರೆಯ ಒಂದು ಆಯತ ಎಳೆದು "ಪ್ರೊಪೋಸ್ಡ್" ಎಂದು ಬರೆದ. ಬದುಕಿರುವ ಅಪ್ಪನಿಗೆ ಚುಕ್ಕೆ ಗೆರೆ ಎಳೆಯುವಾಗ ಅವನ ಕೈ ಸ್ವಲ್ಪ ನಿಂತದ್ದನ್ನು ನಾನು ನೋಡಿದೆ. ಕಡೆಗೆ ಶೆಣೈಯವರ ನಿಯಮಕ್ಕೆ ತಲೆಬಾಗಿ ಟೈಟಲ್ ಬ್ಲಾಕ್ ಹಾಕಿದ. ಆಗ ಒಂದು ಹಳೆಯ ಲೇಬರ್ ಕ್ಯಾಂಪಿನ ವಿಸ್ತರಣೆಯ ನಕ್ಷೆಗಳು ಸಾಲಾಗಿ ಹೊರಡುತ್ತಿದ್ದವು. ಅದೇ ಯೋಜನೆಯ ಹೆಸರು ಹಾಕಿ, ಮಲಗುವ ಕೋಣೆಗಳ ಕೊನೆಯ ಶೀಟಿನ ನಂತರದ ನಂಬರು ಕೊಟ್ಟ. ಯಾರಿಗೂ ಗುಮಾನಿ ಬಾರದ ಹಾಗೆ ಅಷ್ಟು ಚೊಕ್ಕವಾಗಿ ಮಾಡಿದ. ಅದೇ ಎಡವಟ್ಟಾಯಿತು.

ಮಧ್ಯಾಹ್ನದ ನಮಾಜಿನ ಹೊತ್ತಿಗೆ ಆಫೀಸು ಖಾಲಿಯಾಗುತ್ತದೆ, ಆಗ ಶೀಟು ಎತ್ತಿಕೊಳ್ಳುವುದು, ಸಹಿಯನ್ನು ಬೀದರಿನ ಯಾರಾದರೂ ಇಂಜಿನಿಯರಿಂದ ಹಾಕಿಸುವುದು ಎಂದು ಅವನ ಲೆಕ್ಕ. ಆದರೆ ಅವತ್ತು ನಮ್ಮ ನಕ್ಷೆಗಳನ್ನು ಪರಿಶೀಲಿಸಿ ಮಂಜೂರು ಮಾಡುವ ಕನ್ಸಲ್ಟೆಂಟ್ ಆಫೀಸಿನವರು ಹೊತ್ತಿಗೆ ಮೊದಲೇ ಬಂದರು. ಶೆಣೈಯವರು ತಾವೇ ಗಾಜಿನ ಕೋಣೆಗೆ ಹೋಗಿ, ಟ್ರೇಯಲ್ಲಿದ್ದ ಶೀಟುಗಳ ನಂಬರು ನೋಡಿ, ಒಂದೂ ತಪ್ಪಿಲ್ಲವೆಂದು ಸಂತೋಷಪಟ್ಟು, ಸುರುಳಿ ಸುತ್ತಿ ಕೊಟ್ಟುಬಿಟ್ಟರು. ಚಾ ಕುಡಿದು ಬಂದ ಪ್ರಭುದಾಸನಿಗೆ ಕಂಡದ್ದು ಖಾಲಿ ಟ್ರೇ.

"ಆಚಾರ್ಯ ಸಾಹೇಬ್ರ, ನಮ್ಮ ಮಂದಿ ಎಲ್ಲಾ ಹೋಗ್ಯಾರ" ಎಂದ.

"ಎಲ್ಲಿಗೆ?"

"ಅಪ್ರೂವಲ್‌ಗಿ."

ಮುಂದಿನ ದಿನಗಳಲ್ಲಿ ಅವನು ಊಟ ಬಿಟ್ಟ. ನಾನು ಧೈರ್ಯ ಹೇಳಿದೆ. ಅಲ್ಲಿ ಇಂಥ ನಕ್ಷೆಗಳ ರಾಶಿಯೇ ಉಂಟು, ಯಾರು ಬಿಚ್ಚಿ ನೋಡುತ್ತಾರೆ ಮಾರಾಯ ಎಂದೆ. ವಾರದೊಳಗೆ ಕರೆ ಬಂತು. ಮಲಗುವ ಕೋಣೆಗಳ ನಕ್ಷೆಯ ಮೇಲೆ ಪ್ರಶ್ನೆಗಳಿವೆ, ಬರೆದವರನ್ನೂ ಕರೆದುಕೊಂಡು ಬನ್ನಿ ಎಂದು. ಶೆಣೈಯವರು, ಪ್ರಭುದಾಸ, ಉಳಿದ ಕೋಣೆಗಳನ್ನು ಬರೆದಿದ್ದ ನಾನು, ಮೂವರೂ ಹೊರಟೆವು. ದಾರಿಯಲ್ಲಿ ಶೆಣೈಯವರು ಟೈಟಲ್ ಬ್ಲಾಕಿನ ಮಹತ್ವದ ಬಗ್ಗೆ ಮಾತಾಡುತ್ತಿದ್ದರು.

ಕನ್ಸಲ್ಟೆಂಟ್ ಇಂಜಿನಿಯರ್ ಫತ್ಹಿ, ಈಜಿಪ್ಟಿನವರು. ಕನ್ನಡಕವನ್ನು ಹಣೆಯ ಮೇಲೆ ಏರಿಸಿ ನಕ್ಷೆಗೆ ಮೂಗು ತಾಗುವ ಹಾಗೆ ಬಗ್ಗಿ ನೋಡುವ ಅಭ್ಯಾಸ. ನಾವು ಅಲ್ಲಿಯವರೆಗೆ ಕಂಡವರಲ್ಲಿ ನಕ್ಷೆಯನ್ನು ನಿಜವಾಗಿ ಓದುವ ಒಬ್ಬರೇ ಒಬ್ಬರು. ನಮ್ಮ ಗ್ರಹಚಾರ ನೋಡಿ. ಮೇಜಿನ ಮೇಲೆ ಎಲ್ಲಕ್ಕಿಂತ ಮೇಲೆ ಇದ್ದದ್ದು ಪ್ರಭುದಾಸನ ಮನೆತನ. ಮಾತೆಲ್ಲ ಇಂಗ್ಲಿಷಿನಲ್ಲಿ ನಡೆಯಿತು, ನಾನು ಕನ್ನಡದಲ್ಲಿ ಬರೆಯುತ್ತೇನೆ.

"ಈ ಕೋಣೆಗೆ ಕಿಟಕಿಯೇ ಇಲ್ಲವಲ್ಲ. ಎ.ಸಿ. ಎಲ್ಲಿ?" ಎಂದರು ಫತ್ಹಿ.

ಗೋರಿಗಳನ್ನು ಮಂಚ ಎಂದು ತಿಳಿದಿದ್ದಾರೆಂದು ನನಗೆ ಆಗ ಹೊಳೆಯಿತು. ಆರಡಿ ಮೂರಡಿ, ಸಾಲು ಸಾಲು, ಸುತ್ತ ಗೋಡೆ, ಪಕ್ಕದಲ್ಲೊಂದು ಹಾಲ್. ಇನ್ನೇನು ಅಂದುಕೊಂಡಾರು?

"ಇವರಿಗೆ ಅದರ ಅಗತ್ಯ ಬಿದ್ದಿಲ್ಲ ಸರ್" ಎಂದ ಪ್ರಭುದಾಸ.

"ಸೇರಿಸುತ್ತೇವೆ ಸರ್" ಎಂದು ಶೆಣೈಯವರು ಬರೆದುಕೊಂಡರು. ಅವರು ಅಲ್ಲಿಯವರೆಗೂ ನೋಡಿದ್ದು ನಂಬರನ್ನು ಮಾತ್ರ.

"ಶೌಚಾಲಯ?"

"ಅದನ್ನೂ ಸೇರಿಸುತ್ತೇವೆ ಸರ್."

"ಈ ವೃತ್ತ ಏನು? ಕಂಬವೇ?"

"ಬೇವಿನ ಮರ ಸರ್" ಎಂದ ಪ್ರಭುದಾಸ. ಅವನಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ.

"ಮಲಗುವ ಕೋಣೆಯೊಳಗೆ ಮರ?"

"ಮೊದಲಿಂದಲೂ ಇದೆ ಸರ್. ಕಡಿಯುವ ಹಾಗಿಲ್ಲ."

ಫತ್ಹಿ ಸ್ವಲ್ಪ ಯೋಚಿಸಿ, ನೆರಳು ಒಳ್ಳೆಯದೇ ಎಂದರು. ಆಮೇಲೆ ಉತ್ತರ ದಿಕ್ಕಿನ ಬಾಣ ನೋಡಿದರು, ಸಾಲುಗಳನ್ನು ನೋಡಿದರು. ಕ್ರೈಸ್ತರ ಗೋರಿಯಲ್ಲಿ ತಲೆ ಪಶ್ಚಿಮಕ್ಕೆ, ಕಾಲು ಪೂರ್ವಕ್ಕೆ ಇರುತ್ತದೆ. ದಮ್ಮಾಮಿನಿಂದ ಮಕ್ಕಾ, ಅಂದರೆ ನಮಾಜಿಗೆ ಮುಖ ಮಾಡುವ ಕಿಬ್ಲಾ, ಇರುವುದು ಪಶ್ಚಿಮದ ಕಡೆ; ಆ ಕಡೆ ಕಾಲು ಚಾಚುವುದು ಅಗೌರವ. ಫತ್ಹಿಯವರ ಮುಖ ಅರಳಿತು. "ಒಬ್ಬರ ಕಾಲೂ ಕಿಬ್ಲಾದ ಕಡೆಗೆ ಇಲ್ಲ. ಉಳಿದ ಶೀಟುಗಳಲ್ಲಿ ಈ ವಿವೇಕ ಕಾಣಲಿಲ್ಲ. ಇದನ್ನು ಬರೆದವರು ಯಾರು?"

ಶೆಣೈಯವರು ಹೆಮ್ಮೆಯಿಂದ ಪ್ರಭುದಾಸನ ಬೆನ್ನು ತಟ್ಟಿದರು. ಉಳಿದ ಶೀಟುಗಳನ್ನು ಬರೆದಿದ್ದ ಅವಿವೇಕಿ ನಾನು.

"ಈ ಚುಕ್ಕೆ ಗೆರೆಯದ್ದು ಪ್ರೊಪೋಸ್ಡ್ ಎಂದಿದೆ. ಒಬ್ಬರೇ ಏಕೆ?"

"ಸದ್ಯಕ್ಕೆ ಒಬ್ಬರೇ ಸರ್."

"ಯಾವಾಗ ಬರುತ್ತಾರೆ?"

ಪ್ರಭುದಾಸ ಆ ಚುಕ್ಕೆ ಗೆರೆಯ ಮೇಲೆ ಬೆರಳಿಟ್ಟ. "ದೇವರ ಚಿತ್ತ ಸರ್" ಎಂದ.

"ಇನ್ಶಾ ಅಲ್ಲಾ" ಎಂದು ಫತ್ಹಿ ತಲೆಯಾಡಿಸಿದರು. ಆಮೇಲೆ ಕೆಂಪು ಪೆನ್ನು ತೆಗೆದುಕೊಂಡರು. "ಆದರೆ ಒಂದು ಮಂಚಕ್ಕೂ ಇನ್ನೊಂದಕ್ಕೂ ಇಷ್ಟು ಅಂತರ ಯಾಕೆ? ಜಾಗ ದಂಡ. ಒತ್ತಿ ಹಾಕಿದರೆ ಇನ್ನೂ ಆರು ಜನ ಹಿಡಿಯುತ್ತಾರೆ." ಹೇಳುತ್ತಲೇ ನಕ್ಷೆಯ ಮೇಲೆ ಬರೆದರು: ಅಂತರ ಕಡಿಮೆ ಮಾಡಿ, ಇನ್ನೂ ಆರು ಮಂದಿಗೆ ಜಾಗವಿದೆ.

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯರು ಹೇಳಿದ್ದೂ ಹಾಲು ಅನ್ನ. ಬೀದರಿನಲ್ಲಿ ಒಬ್ಬ ಮುದುಕರು ವರ್ಷಗಟ್ಟಲೆ ಬಾಯಿ ಬಡಿದುಕೊಂಡ ಮಾತನ್ನು ಈಜಿಪ್ಟಿನ ಇಂಜಿನಿಯರೊಬ್ಬರು ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದರು. ಅಲ್ಲಿಗೇ ಮುಗಿದು, ಮೊಹರು ಬಿದ್ದಿದ್ದರೆ ಚೆನ್ನಾಗಿತ್ತು. ಆದರೆ ಪೆನ್ನು ಗಿಡ್ಡ ಆಯತಗಳ ಮೇಲೆ ಬಂದು ನಿಂತಿತು.

"ಈ ಟೈಪ್ ಬಿ ಏನು? ಮನುಷ್ಯ ಮಲಗುವಷ್ಟು ಉದ್ದವೇ ಇಲ್ಲ. ತೆಗೆದುಬಿಡಿ."

ಹಾಂ ಸರ್ ಎಂದಿದ್ದರೆ ಖಲಾಸ್. ಜೀವಮಾನವಿಡೀ ಹಾಂ ಸರ್ ಎಂದವನು ಅವನು. ನಾನು ಮೇಜಿನ ಕೆಳಗೆ ಅವನ ಕಾಲು ಒತ್ತಿದೆ.

"ತೆಗೆಯಲಾಗುವುದಿಲ್ಲ ಸರ್" ಎಂದ ಪ್ರಭುದಾಸ.

ಫತ್ಹಿ ಕನ್ನಡಕ ಇಳಿಸಿ ಅವನನ್ನೇ ನೋಡಿದರು. "ಯಾಕೆ?"

"ಅಲ್ಲಿ ಈಗಾಗಲೇ ಇದ್ದಾರೆ ಸರ್. ಸಣ್ಣವರು. ಅವರನ್ನು ಎಬ್ಬಿಸಲು ಬರುವುದಿಲ್ಲ."

ಕಾಪಾಡಿದ್ದು ಶೆಣೈಯವರು. ಏನೂ ಗೊತ್ತಿಲ್ಲದೆಯೇ ಕಾಪಾಡಿದರು. "ಕೆಲಸದವರಲ್ಲಿ ಗಿಡ್ಡ ಜನ ಇರುತ್ತಾರೆ ಸರ್. ನಂಬರ್ ಪ್ರಕಾರ ಎಲ್ಲ ಸರಿ ಇದೆ" ಎಂದರು. ಫತ್ಹಿಯವರು ಪ್ರಭುದಾಸನ ಮುಖದಲ್ಲಿ ಏನು ಕಂಡರೋ. ಟೈಪ್ ಬಿ ಹಾಗೇ ಇರಲಿ ಎಂದು ಬರೆದು ಸಹಿ ಹಾಕಿದರು, ಅದರ ಮೇಲೆ ಅರಬ್ಬಿ ಅಕ್ಷರದ ದೊಡ್ಡ ದುಂಡು ಮೊಹರು ಒತ್ತಿದರು. ಟಿಪ್ಪಣಿಗಳೊಂದಿಗೆ ಮಂಜೂರು. ಶೀಟುಗಳನ್ನು ನಮ್ಮ ಕೈಗೆ ಕೊಟ್ಟು ಏಳುವಾಗ ಒಂದು ಮಾತು ಸೇರಿಸಿದರು: ಅಂತರದ ವಿಷಯ ಉಳಿದ ಎಲ್ಲ ಮಲಗುವ ಕೋಣೆಗಳಿಗೂ ಅನ್ವಯಿಸುತ್ತದೆ, ಎಲ್ಲವನ್ನೂ ತಿದ್ದಿ ತನ್ನಿ.

ವಾಪಸು ಬರುವಾಗ ಶೆಣೈಯವರು ಕಾರನ್ನು ದಾರಿ ಬದಿಯ ಚಾ ಅಂಗಡಿಯ ಎದುರು ನಿಲ್ಲಿಸಿದರು.

"ಪ್ರಭು, ಆ ಕ್ಯಾಂಪಿನಲ್ಲಿ ಬೇವಿನ ಮರ ಎಲ್ಲಿ ಉಂಟು ಮಾರಾಯ?"

ಪ್ರಭುದಾಸ ಎಲ್ಲವನ್ನೂ ಹೇಳಿದ. ನಾಗಮ್ಮ, ಕಾಲರಾ, ಸ್ಟೀವನ್, ಅಪ್ಪನ ಕೋಲು. ಶೆಣೈಯವರ ಕೈಯಲ್ಲಿದ್ದ ಚಾ ತಣ್ಣಗಾಯಿತು.

"ನಮ್ಮ ಮೂರೂ ಜನರ ಇಕಾಮಾವನ್ನು ಒಂದೇ ಶೀಟಿನಲ್ಲಿ ಸುತ್ತಿ ಕೊಟ್ಟಿದ್ದಿಯಲ್ಲಾ ನೀನು. ಅದೂ ನನ್ನ ಕೈಯಿಂದಲೇ" ಎಂದರು. ಬೈಯುತ್ತಾರೆ ಎಂದು ಕಾದೆವು. ಬೈದದ್ದು ಬೇರೆಯದಕ್ಕೆ. "ನಂಬರ್ ಎಂತಕ್ಕೆ ಕೊಟ್ಟದ್ದು ಅದಕ್ಕೆ? ಈಗ ನಾನು ರದ್ದು ಅಂತ ಬರೆಯಬೇಕು. ಇಷ್ಟು ವರ್ಷದಲ್ಲಿ ಒಂದು ನಂಬರ್ ರದ್ದಾಗಿಲ್ಲ ನನ್ನಲ್ಲಿ."

ಆಫೀಸಿಗೆ ಬಂದು ರದ್ದು ಎಂದು ಬರೆದರು. ಆಮೇಲೆ ನನ್ನನ್ನು ಕರೆದರು. "ಆಚಾರ್ರೆ, ರದ್ದಾದ ಶೀಟನ್ನು ನಾಶ ಮಾಡಬೇಕು, ನಿಯಮ. ಎಲ್ಲಿ ನಾಶ ಮಾಡಬೇಕು ಅಂತ ನಿಯಮದಲ್ಲಿ ಇಲ್ಲ. ನೀವು ಮುಂದಿನ ವಾರ ರಜೆಗೆ ಹೋಗುವುದಲ್ಲವಾ? ಊರಿನಲ್ಲಿ ನಾಶ ಮಾಡಿ. ಬೀದರಿಗೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಹಾಕಿ ನಾಶ ಮಾಡಿ." ಅಷ್ಟು ಹೇಳಿ ಕತ್ತರಿ ತೆಗೆದುಕೊಂಡು, ಕಂಪೆನಿಯ ಹೆಸರು ಎಲ್ಲೂ ಕಾಣದ ಹಾಗೆ ಟೈಟಲ್ ಬ್ಲಾಕನ್ನು ತಾವೇ ಕತ್ತರಿಸಿದರು. ಮೊಹರನ್ನು ಮುಟ್ಟಲಿಲ್ಲ. ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ. ಆ ಚೂರನ್ನು ಕಸದ ಬುಟ್ಟಿಗೆ ಹಾಕುವಾಗ ಮಾತ್ರ ಅವರು ಮುಖ ಆಚೆ ತಿರುಗಿಸಿದರು.

ನಾನು ನಕ್ಷೆಯನ್ನು ಕಂಬಳಿಯ ಸುರುಳಿಯೊಳಗೆ ಇಟ್ಟು ಊರಿಗೆ ಒಯ್ದು, ಪುತ್ತೂರಿನ ಅಂಚೆ ಕಚೇರಿಯಿಂದ ಕಳಿಸಿದೆ. ರಜೆ ಮುಗಿಸಿ ಬಂದಾಗ ಪ್ರಭುದಾಸ ಕ್ಯಾಂಪಿನ ಮೊದಲ ಹಂತದ ಎಲ್ಲ ಕೋಣೆಗಳಲ್ಲೂ ಅಂತರ ಕಡಿಮೆ ಮಾಡಿ ಮುಗಿಸಿದ್ದ. ಬೀದರಿನ ಕಮಿಟಿ ಸಭೆ ಮಾತ್ರ ಹಬ್ಬ, ಮದುವೆ, ಸುಗ್ಗಿ ಎಂದು ಮುಂದೆ ಹೋಗುತ್ತಲೇ ಇತ್ತು. ಅಪ್ಪನಿಗೆ ಎದೆನೋವು ಹೆಚ್ಚಾಗಿದೆ ಎಂದು ಫೋನು ಬರುತ್ತಿತ್ತು. ಸಭೆಗಿಂತ ಮೊದಲು ಅಪ್ಪ ಹೋಗಿಬಿಟ್ಟರೆ ಸ್ಟೀವನ್ ಅಣ್ಣ ಊರಾಚೆಗೇ ಒಯ್ಯುತ್ತಾನೆ ಎಂಬುದೊಂದೇ ಪ್ರಭುದಾಸನ ಭಯ.

ಅಷ್ಟರಲ್ಲಿ ಮೊದಲ ಹಂತ ಕಟ್ಟಿ ಮುಗಿಯಿತು. ಕಟ್ಟಿದ್ದು ನಕ್ಷೆಯ ಹಾಗೇ ಇದೆಯೇ ಎಂದು ಅಳೆಯಲು ನಾನು ಹೋದೆ. ಮೇಲೊಂದು ಕೆಳಗೊಂದು ಮಂಚ, ನಡುವೆ ಒಬ್ಬ ಮನುಷ್ಯ ಅಡ್ಡ ತಿರುಗಿ ನಡೆಯುವಷ್ಟು ಜಾಗ. ಪೆಟ್ಟಿಗೆ ಇಡಲೂ ಎಡೆಯಿಲ್ಲದೆ, ಆಗಲೇ ಬಂದು ಸೇರಿದ್ದ ಕೆಲಸದವರು ಅದನ್ನು ಕಾಲ ಬುಡದಲ್ಲಿ ಇಟ್ಟುಕೊಂಡಿದ್ದರು. ರಾತ್ರಿ ಪಾಳಿ ಮುಗಿಸಿ ಮಲಗಿದ್ದ ಬಂಟ್ವಾಳದ ಒಬ್ಬ ವೆಲ್ಡರ್ ನನ್ನ ಟೇಪು ನೋಡಿ ಎದ್ದು ಕೂತ. "ಎಂತ ಅಳೆಯುವುದು ಸಾರ್, ಇನ್ನೂ ಒಂದು ಸಾಲು ಹಾಕ್ಲಿಕ್ಕುಂಟಾ?" ಎಂದು ಕೇಳಿದ. ಇಲ್ಲ ಎಂದೆ. "ದೊಡ್ಡ ಉಪಕಾರ" ಎಂದು ಮುಸುಕು ಹಾಕಿಕೊಂಡ. ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಫತ್ಹಿ ಕೆಟ್ಟವರಲ್ಲ, ಶೆಣೈಯವರೂ ಅಲ್ಲ. ಸತ್ತವರಿಗೇ ದಂಡ ಎನಿಸಿದ ಜಾಗ ಬದುಕಿದ್ದವರಿಗೆ ಎಲ್ಲಿಂದ ದಕ್ಕೀತು? ನಾಗಮ್ಮನ ಎರಡೂ ಪಕ್ಕ ಇದ್ದಷ್ಟು ಎಡೆ ಆ ವೆಲ್ಡರಿಗೆ ಇರಲಿಲ್ಲ. ಅಳತೆ ಸರಿ ಇದೆ ಎಂದು ಬರೆದುಕೊಂಡು ವಾಪಸು ಬಂದೆ.

ಎರಡನೇ ಹಂತದ ಕೆಲಸ ನಡೆಯುತ್ತಿರುವಾಗ ಬೀದರಿನಿಂದ ಕ್ಯಾಸೆಟ್ ಬಂತು. ಮಧ್ಯಾಹ್ನದ ಬಿಡುವು, ಆಫೀಸಿನಲ್ಲಿ ನಾವಿಬ್ಬರೇ. ಪ್ರಭುದಾಸನಿಗೆ ಒಬ್ಬನೇ ಕೇಳುವ ಧೈರ್ಯವಾಗಲಿಲ್ಲ. ಹೆಡ್‌ಫೋನನ್ನು ಮೇಜಿನ ಮೇಲೆ ಇಟ್ಟು ಸದ್ದು ಜೋರು ಮಾಡಿದ. ಇಬ್ಬರೂ ತಲೆ ಬಗ್ಗಿಸಿ ಕಿವಿಗೊಟ್ಟೆವು. ಮೊದಲು ಕೆಮ್ಮು, ಆಮೇಲೆ ಕೋಳಿ, ಆಮೇಲೆ ಯೇಸಪ್ಪನವರು.

"ಪ್ರಭೂ, ಕೂಟ ಆಯ್ತು ನೋಡಪ್ಪ. ನಿನ್ನ ನಕಾಶಿ ಮೇಜಿನ ಮ್ಯಾಲ ಹಾಸಿದ್ರು. ಆ ಮೊಹರು ನೋಡಿ ಹಿರಿಯರೆಲ್ಲ ಎದ್ದು ನಿಂತ್ರು. ನಿಜಾಮನ ಕಾಲದಾಗ ಜಮೀನಿನ ಕಾಗದದ ಮ್ಯಾಲ ಇಂಥಾ ಅಕ್ಷರದ ಮೊಹರೇ ಇರ್ತಿತ್ತು, ಇದು ಖರೇ ಕಾಗದ ಅಂದ್ರು. ಕೆಂಪು ಶಾಯಿಲೆ ಬರ್ದದ್ದು ಇಂಗ್ಲಿಷ್, ಓದ್ಲಿಕ್ಕ ಬರೋದು ಸ್ಟೀವನ್‌ಗ ಒಬ್ಬಗೇ. ಇನ್ನಾ ಆರು ಮಂದಿಗಿ ಜಾಗ ಅದ ಅಂತ ಅವನೇ ಓದಿ ಹೇಳ್ದ. ತಾನೇ ಓದ್ದಾಂವ, ಮತ್ತೇನಂತಾನ? ಸಣ್ಣವ್ರು ಇದ್ದಲ್ಲೇ ಇರ್ಲಿ ಅಂತನೂ ಬರ್ದಾರಂತ. ನಿನ್ನ ತಮ್ಮನ ಗೋರಿ ಯಾರೂ ಮುಟ್ಟಂಗಿಲ್ಲ. ನನಗ ನಿಮ್ಮವ್ವನ ಬಾಜೂಕ ಮಂಜೂರಾಗ್ಯಾದ."

ಪ್ರಭುದಾಸ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಟೇಪು ಓಡುತ್ತಲೇ ಇತ್ತು. ಕೆಮ್ಮು ಬಂತು, ನಿಂತಿತು.

"ಮತ್ತ, ಅಂತರ ಕಮ್ಮಿ ಮಾಡ್ರಿ ಅಂತ ಬರ್ದಾರಂತ ಆ ಅರಬ್ಬಿ ಸಾಹೇಬ್ರು. ಭಾಳ ತಿಳಿದಾಂವ ಇದ್ದಾನಪ್ಪ ಆ ಮನಷಾ. ನನ್ನ ಸಲಾಂ ಹೇಳು. ನಿಮ್ಮವ್ವ ಹೋದ ದಿನದಿಂದ ನಾನೂ ದೇವರಿಗಿ ಅದೇ ಹೇಳ್ಳಿಕತ್ತೀನಿ."

ಪ್ರಭುದಾಸ ಟೇಪು ನಿಲ್ಲಿಸಿದ. ಆಮೇಲೆ ಕ್ಯಾಸೆಟ್ ತೆಗೆದು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು, ಕಣ್ಣೊರೆಸಿಕೊಂಡು ಕಂಪ್ಯೂಟರಿನ ಕಡೆ ತಿರುಗಿದ. ಪರದೆಯ ಮೇಲೆ ಎರಡನೇ ಹಂತದ ಮಲಗುವ ಕೋಣೆ ಅವನು ಬಿಟ್ಟಲ್ಲೇ ಇತ್ತು. ಅದರಲ್ಲಿ ಇನ್ನೂ ಅರ್ಧದಷ್ಟು ಮಂಚಗಳ ಅಂತರ ಕಡಿಮೆ ಮಾಡುವುದು ಬಾಕಿ ಇತ್ತು.